ಉಡಿಗೆ ಹಾಕಿದ ಕೂಸು

ಸಿನಿಮಾ ಮುಗಿದು ಸಭಾಗೃಹದಲ್ಲಿ ದೀಪ ಹತ್ತಿದಾಗ ಎಲ್ಲರಿಗೂ ಮೊದಲು ಕೇಳಿಸಿದ್ದು ರಾಮಪ್ಪನ ಗೊರಕೆ. ರಾತ್ರಿಯೆಲ್ಲ ಬಿಲ್ಡಿಂಗಿನ ಗೇಟು ಕಾಯುವ ಮನುಷ್ಯ. ಹಗಲಲ್ಲಿ ಕತ್ತಲೆ ಮಾಡಿ ಫ್ಯಾನಿನ ಕೆಳಗೆ ಕೂರಿಸಿದರೆ ಇನ್ನೇನು ಮಾಡಿಯಾನು? ಪಕ್ಕದಲ್ಲಿದ್ದ ಹೆಂಡತಿ ಇಂದ್ರಾಬಾಯಿ ಮೊಣಕೈಯಿಂದ ತಿವಿದಳು.

"ಮುಗೀತೇನು?" ಎಂದು ಕಣ್ಣುಜ್ಜಿಕೊಂಡ. "ನೀ ಬಂದಿದ್ದೇನು ಅದರಾಗ?"

ಬಂದಿದ್ದಳು. ಮುಂಬಯಿಯ ಸಯನ್ನಿನ ಆ ಸಣ್ಣ ಸಭಾಗೃಹದಲ್ಲಿ, ಗೋಡೆಗೆ ಕಟ್ಟಿದ ಪರದೆಯ ಮೇಲೆ ಇಂದ್ರಾಬಾಯಿ ಆಳೆತ್ತರಕ್ಕೆ ನಿಂತು, ಒಂದು ಕೂಸನ್ನು ಬಿಳಿ ಹೆಂಗಸೊಬ್ಬಳಿಗೆ ಕೊಟ್ಟು ಅತ್ತಿದ್ದಳು. ಕುರ್ಲಾದ ಚಾಳಿನಲ್ಲಿ ತಾಯಿ ಸತ್ತ ಕೂಸು, ಸಾಕಲಾರದ ಅಜ್ಜಿ, ದೂರದ ಡೆನ್ಮಾರ್ಕಿನಿಂದ ಬಂದ ಮಕ್ಕಳಿಲ್ಲದ ಗಂಡ ಹೆಂಡತಿ. ಆ ಕೂಸು ಅಲ್ಲಿ ಬೆಳೆದು ದೊಡ್ಡವಳಾಗಿ ಅಜ್ಜಿಯನ್ನು ಹುಡುಕಿಕೊಂಡು ಮುಂಬಯಿಗೆ ಬರುವುದು ಉಳಿದ ಕಥೆ. ಸಿನಿಮಾದ ಹೆಸರು ಇಂಗ್ಲಿಷಿನದು, ಇಂದ್ರಾಬಾಯಿಯ ನಾಲಿಗೆಗೆ ಒಗ್ಗಲಿಲ್ಲ. ಅವಳು ಅದನ್ನು ಅಮೋಲನ ಸಿನಿಮಾ ಅನ್ನುತ್ತಿದ್ದಳು.

ಅಮೋಲ್ ಸಯನ್ನಿನಲ್ಲೇ ಹುಟ್ಟಿ ಬೆಳೆದವನು. ತಂದೆ ತಾಯಿ ಬೆಳಗಾವಿಯ ಕಡೆಯವರು. ಅವನ ಕನ್ನಡ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ. ದೊಡ್ಡ ಕಂಪನಿ, ಹೆಸರಾಂತ ನಟರು ಯಾರೂ ಇಲ್ಲದೆ ಗೆಳೆಯರನ್ನೇ ಕೂಡಿಸಿಕೊಂಡು ಸಿನಿಮಾ ಮಾಡಲು ಹೊರಟಿದ್ದ. ಇಂದ್ರಾಬಾಯಿ ಜೋಳದ ರೊಟ್ಟಿ ಬಡಿಯುವ ಖಾನಾವಳಿಗೆ ಊಟಕ್ಕೆ ಬಂದವನು ಊಟ ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂತ. ಅವನಿಗೆ ದಣಿದ ಮುಖ ಬೇಕಿತ್ತಂತೆ. ಕುರ್ಲಾದಲ್ಲಿ ಅದಕ್ಕೇನು ಬರ? ಆದರೂ ಇವಳೇ ಆಗಬೇಕೆಂದು ಗಂಟುಬಿದ್ದ. ಕೂಸೂ ಬೇಕಿತ್ತು. ಅದೂ ಇವಳ ಮನೆಯಲ್ಲೇ ಇತ್ತು: ಮಗ ಯಲ್ಲಾಲಿಂಗ ಮತ್ತು ಸೊಸೆ ಸೌಮ್ಯಾಳ ಮಗಳು, ಆಗ ಇನ್ನೂ ಕತ್ತು ನಿಲ್ಲದ ಎಳೆಗೂಸು. ಸೌಮ್ಯಾಳನ್ನು ಕೇಳಿದರು. ಅವಳು ನಕ್ಕು ಹೂಂ ಅಂದು, ಎಂದಿನಂತೆ ಸಾಕಿನಾಕಾದ ಹೊಲಿಗೆ ಕಾರ್ಖಾನೆಗೆ ಹೋದಳು. ಶೂಟಿಂಗ್ ದಿನ ಏನೇನು ನಡೆಯಿತೆಂದು ಅವಳು ಕೇಳಲಿಲ್ಲ, ಇವರೂ ಬಿಡಿಸಿ ಹೇಳಲಿಲ್ಲ. ಈಗ, ಕೂಸು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ, ಅದನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರ ಜೊತೆ ಕೂತು ಸಿನಿಮಾವನ್ನು ಮೊದಲ ಸಲ ನೋಡಿದ್ದಳು.

ಅಮೋಲ್ ಮೈಕು ಹಿಡಿದು ಮುಂದೆ ಬಂದ. "ಹೆಂಗ್ ಅನಿಸ್ತು? ಬಿಂದಾಸ್ ಹೇಳ್ರಿ, ಬುರಾ ನಹೀ ಮಾನೂಂಗಾ."

ನಮ್ಮ ಮಂದಿಗೆ ಬಿಂದಾಸ್ ಹೇಳಿರಿ ಎಂದು ಬೇರೆ ಹೇಳಬೇಕೆ? ಮೊದಲು ಎದ್ದವರು ಶರಣಬಸಪ್ಪನವರು. ಬ್ಯಾಂಕಿನಿಂದ ನಿವೃತ್ತರಾದವರು, ಯಾವ ಕಾರ್ಯಕ್ರಮವಾದರೂ ಮೊದಲ ಸಾಲಿನ ನಡುವಿನ ಕುರ್ಚಿ ಅವರದೇ. "ಫೋಟೋಗ್ರಫಿ ಛಲೋ ಐತಿ, ಅದಕ್ಕ ಅಭಿನಂದನೆ," ಎಂದು ಮೊದಲು ಬೆಣ್ಣೆ ಹಚ್ಚಿದರು. "ಆದರ ತಮ್ಮಾ, ನಮ್ಮ ಬಡತನ ತೋರಿಸಿ ಪರದೇಶದಾಗ ಚಪ್ಪಾಳಿ ಹೊಡಿಸ್ಕೊಳ್ಳೂ ಕೆಲಸ ಇದು. ನಮ್ಮಲ್ಲಿ ಬ್ಯಾರೆ ಏನೂ ಇಲ್ಲೇನು ತೋರಸಾಕ?"

ಕಾಲೇಜು ಹುಡುಗಿಯೊಬ್ಬಳು ಎದ್ದು, ಆ ಬಿಳಿ ತಾಯಿಯನ್ನು ಯಾಕೆ ದೇವತೆಯ ಹಾಗೆ ತೋರಿಸಿದ್ದೀರಿ ಎಂದು ಹಿಂದಿ ಇಂಗ್ಲಿಷು ಕಲಸಿ ಜಗಳಕ್ಕೆ ನಿಂತಳು. ಮಾಟುಂಗಾದಿಂದ ಬಂದಿದ್ದ ಹೆಂಗಸೊಬ್ಬರಿಗೆ ಬೇರೆಯೇ ಚಿಂತೆ: ಕೂಸು ಅಷ್ಟು ಅಳುವುದಕ್ಕೆ ಚಿವುಟಿದಿರೋ ಹೇಗೆ? ಇಂದ್ರಾಬಾಯಿಯ ಚಾಳಿನ ನೆರೆಯವಳು ದೇವಕ್ಕ ಮೈಕು ಕೈಗೆ ಬಂದದ್ದೇ ಅದನ್ನು ಲಟ್ಟಣಿಗೆಯಂತೆ ಹಿಡಿದಳು. "ನಾ ಅಂತೂ ಸೆರಗು ತೋಯೂವಷ್ಟು ಅತ್ತೀನಪ್ಪಾ. ಆದರ ಒಂದ ಹಾಡರ ಇಡಬಾರದಾ? ಆ ಪಾರಿವಾಳಾನ್ನ ಎಷ್ಟೊತ್ತು ತೋರಸೂದು? ಪಾರಿವಾಳ ನಮ್ಮ ಚಾಳಿನ್ಯಾಗ ಬೇಕಾದಷ್ಟು ಅದಾವ." ಎಲ್ಲರೂ ನಕ್ಕರು. ಅಮೋಲನೂ ನಕ್ಕ, ಆದರೆ ಅವನ ಮುಖ ಸಣ್ಣದಾಗಿತ್ತು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಮೆತ್ತಗಿನ ಮನುಷ್ಯ ಎದ್ದ. "ನಮ್ಮ ಮಗಳು ಒಡಿಶಾದಾಕಿ ರಿ. ಆಶ್ರಮದಿಂದ ತಂದೀವಿ. ಮನ್ಯಾಗ ಕನ್ನಡಾನ ಮಾತಾಡ್ತಾಳ. ಸಿನಿಮಾದಾಗ ಆ ಹುಡುಗಿ ದೊಡ್ಡಾಕಿ ಆದ್ರೂ ಅಳಕೋತ ಇರ್ತಾಳ. ನಮ್ಮಾಕಿ ಅಷ್ಟು ಅಳೂದಿಲ್ರಿ." ಇಷ್ಟು ಹೇಳಿ ಕೂತ.

ಶರಣಬಸಪ್ಪನವರು ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದರು. "ತರೂದು ಬ್ಯಾರೆ ಮಾತು, ಕೊಡೂದು ಬ್ಯಾರೆ ಮಾತು. ನಮ್ಮ ಕಡೆ ಹೆಣ್ಣಮಕ್ಕಳು ಉಪವಾಸ ಸತ್ತಾರು, ಕೂಸು ಕೊಡೂದಿಲ್ಲ. ಆ ಬಾಯಿ ಇಲ್ಲೇ ಕುಂತಾಳಲ್ಲ, ಆಕಿನ್ನ ಕೇಳ್ರಿ. ಏನವಾ, ನೀ ಕೊಡ್ತಿದ್ದೇನು?"

ಮೈಕು ಕೈಯಿಂದ ಕೈಗೆ ದಾಟಿ ಇಂದ್ರಾಬಾಯಿಯ ಬಾಯಿಯ ಹತ್ತಿರ ಬಂತು. ಬೆಳಗಿನಿಂದ ರೊಟ್ಟಿ ಬಡಿದು ಬಂದಿದ್ದಳು, ಭುಜ ಸಿಡಿಯುತ್ತಿತ್ತು. ಎಲ್ಲರೂ ತಿರುಗಿ ಕೂತು ಅವಳನ್ನೇ ನೋಡಿದರು.

"ಇಲ್ರಿ," ಅಂದಳು. "ನಾ ಯಾಕ ಕೊಡಲಿ? ಅದೆಲ್ಲಾ ಆಕ್ಟಿಂಗ್ ರಿ."

ಸಿನಿಮಾಕ್ಕೆ ಬೀಳದಷ್ಟು ಚಪ್ಪಾಳೆ ಅವಳ ಮಾತಿಗೆ ಬಿತ್ತು. ಇಂದ್ರಾಬಾಯಿ ನೀರಿನ ಬಾಟಲಿಗೆಂದು ಸೊಸೆಯ ಕಡೆ ತಿರುಗಿದರೆ ಸೊಸೆಯ ಕುರ್ಚಿ ಖಾಲಿ. ಕೂಸಿನ ಚೀಲವೂ ಇರಲಿಲ್ಲ.

ಯಲ್ಲಾಲಿಂಗ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದ. "ಹ್ವಾದ್ಲು," ಅಂದ. "ಜೋಗೇಶ್ವರಿಗೆ, ಅವರವ್ವನ ಮನಿಗೆ. ದಾದರದಾಗ ಗಾಡಿ ಬದಲ ಮಾಡಿ ಹೋಗ್ತೀನಿ, ನೀ ಹಿಂದ ಬರಬ್ಯಾಡ ಅಂದ್ಲು."

"ಯಾಕಂತ?"

"ಯವ್ವಾ, ನೀ ಏನ್ ಮಾಡೀದಿ ಅಂತ ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಗೊತ್ತಿಲ್ಲದೆ ಏನು?

ಶೂಟಿಂಗಿನ ದಿನ ಅಮೋಲ್ ಹೇಳಿದ್ದು ಇಷ್ಟೇ: ಮಾವಶಿ, ಮೇಮ್ ಸಾಬ್ ಒಳಗೆ ಬರ್ತಾಳೆ, ನೀವು ಕೂಸು ಕೊಡ್ರಿ, ಬಸ್. ಆ ಮೇಮ್ ಸಾಬ್ ವೆರಾ ಎಂಬ ಹುಡುಗಿ, ಮಾಲಾಡಿನಲ್ಲಿದ್ದುಕೊಂಡು ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವಳು. ಅವಳಿಗೆ ಸೀರೆ ಉಡಿಸಿ, ಕುಂಕುಮ ಹಚ್ಚಿ ಕರೆತಂದಿದ್ದರು. ಕುಂಕುಮ ಹಚ್ಚಿದ ಹೆಣ್ಣುಮಗಳು ಮೊದಲ ಸಲ ಹೊಸಿಲು ದಾಟಿ ಬಂದು ಎದುರಿಗೆ ಕೂತರೆ ಇಂದ್ರಾಬಾಯಿಯ ಕೈ ಸುಮ್ಮನಿರುತ್ತದೆಯೆ? ಹುಟ್ಟಿದಾಗಿನಿಂದ ಬಂದ ರೂಢಿ. ಕ್ಯಾಮೆರಾ ಓಡುತ್ತಿದ್ದರೂ ಅವಳು ಎದ್ದು ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಎಲೆ ಅಡಿಕೆ, ಒಂದು ಕುಪ್ಪಸದ ಖಣ ತಂದಳು. ವೆರಾಳ ಸೆರಗು ಹಿಡಿಸಿ ಉಡಿ ತುಂಬಿದಳು. ಆಮೇಲೆ ಆ ಅಕ್ಕಿಯ ಮೇಲೆಯೇ ಕೂಸನ್ನು ಇಟ್ಟು, "ಇದರವ್ವ ಸತ್ತಾಳವಾ, ಇನ್ನ ಮ್ಯಾಲ ನೀನ ಇದರವ್ವ," ಅಂದು ಅತ್ತಳು. ಅಮೋಲ್ ಕಟ್ ಅನ್ನುವುದನ್ನೂ ಮರೆತಿದ್ದ.

ಉಡಿಗೆ ಹಾಕಿದ್ದು ಹಾಕಿಸಿಕೊಂಡವಳದು, ಅದನ್ನು ತಿರುಗಿ ಬೇಡಬಾರದು. ಇಂದ್ರಾಬಾಯಿಯ ಊರ ಕಡೆ ದತ್ತಕ ಕೊಡುವುದೂ ಹೀಗೆಯೇ. ಅಕ್ಕಿ ಕೊಬ್ಬರಿಯ ಮೇಲೆ ಕೂಸನ್ನಿಟ್ಟರೆ ಕಾಗದ ಪತ್ರ ಆಮೇಲಿನ ಮಾತು. ಅಷ್ಟೇ ಆಗಿದ್ದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಸೌಮ್ಯಾ ಮೊದಲ ಕೂಸನ್ನು ಹುಟ್ಟಿದ ದಿನವೇ ಕಳೆದುಕೊಂಡವಳು. ಎರಡನೆಯದು ಹುಟ್ಟಿದಾಗ ದಾಖಲೆಗೆ ಆರೋಹಿ ಎಂದು ಚೆಂದದ ಹೆಸರು ಕೊಟ್ಟು, ಸಾವಿನ ಕಣ್ಣು ಬೀಳದಿರಲೆಂದು ಮನೆಯಲ್ಲಿ ಕಲ್ಲವ್ವ ಎಂದು ಕರೆದವರು ಅವರು. ಅಂಥ ಕೂಸನ್ನು ತಾಯಿ ಸತ್ತಿದ್ದಾಳೆಂದು ಹೇಳಿ ಪರರ ಉಡಿಗೆ ಹಾಕಿದ್ದಳು ಅಜ್ಜಿ.

ಮರುದಿನದಿಂದ ಚಾಳಿನಲ್ಲಿ ಇಂದ್ರಾಬಾಯಿಗೆ ನೂರೆಂಟು ಹೆಸರು. ಒಬ್ಬರು ಹೀರೋಯಿನ್ ಎಂದು ಕರೆದು ಚಹಾ ಕೊಟ್ಟರು. ಇನ್ನೊಬ್ಬರು, ಅಷ್ಟು ಕಲ್ಲು ಮನಸ್ಸು ಹೇಗೆ ಮಾಡಿದಿ, ನನಗಂತೂ ರಾತ್ರಿ ಊಟ ಸೇರಲಿಲ್ಲ ಅಂದರು. ಅದು ನಾಟಕ ಎಂದರೆ, ಗೊತ್ತು ಗೊತ್ತು, ಆದರೂ ಅಂದರು. ಖಾನಾವಳಿಯಲ್ಲಿ ಊಟಕ್ಕೆ ಬಂದ ಹುಡುಗರು ಫೋನಿನಲ್ಲಿ ಅವಳು ಅಳುವ ತುಣುಕು ತೋರಿಸಿ, ಅವ್ವಾ, ಇನ್ನೊಂದು ರೊಟ್ಟಿ ಕೊಡು, ಕೂಸು ಬೇಡ ಅಂದರು. ಕೆಳಗಿನ ಅಂತಸ್ತಿನಲ್ಲಿ ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಎಲ್ಲರ ಮನೆಗೂ ಕರೆಯಲು ಬಂದವರು ಇವಳ ಬಾಗಿಲನ್ನು ದಾಟಿ ಹೋದರು. ಇಂದ್ರಾಬಾಯಿ ಯಾರಿಗೂ ಎದುರಾಡಲಿಲ್ಲ. ಬೈಯಲಿಕ್ಕೂ ಮೈಯಲ್ಲಿ ಕಸುವಿರಬೇಕು. ಬೆಳಗ್ಗೆ ಎದ್ದು ಹಿಟ್ಟು ನಾದುವುದು, ಬಡಿಯುವುದು, ಬಂದು ಬಿದ್ದುಕೊಳ್ಳುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಮನೆಗೆ ಬಂದರೆ ಗೋಡೆ ಹಿಡಿದು ನಿಂತು ಅವಳನ್ನು ನೋಡಿ ಕುಣಿಯುವ ಕೂಸು ಇರುತ್ತಿರಲಿಲ್ಲ. ಆ ಹೊತ್ತೊಂದನ್ನು ಕಳೆಯುವುದು ಅವಳಿಗೆ ಆಗುತ್ತಿರಲಿಲ್ಲ.

ಯಲ್ಲಾಲಿಂಗ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದ. ಕೆಲಸ ಬಿಟ್ಟ ಮೇಲೆ ಜೋಗೇಶ್ವರಿಗೆ ಹೋಗುತ್ತಿದ್ದ, ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ಮುದ್ದು ಮಾಡಿ ಬರುತ್ತಿದ್ದ. "ಏನಂದ್ಲು?" ಎಂದು ತಾಯಿ ಕೇಳಿದರೆ, "ಏನೂ ಅನ್ನಲಿಲ್ಲ," ಅನ್ನುತ್ತಿದ್ದ. ಅಂದವಳು ಸೌಮ್ಯಾಳ ತಾಯಿ ಸುಂದ್ರವ್ವ. ಫೋನು ಅವಳೇ ಮಾಡಿದಳು.

"ಬೀಗತೆವ್ವಾ, ಸಿಟ್ಟಾಗಬ್ಯಾಡ್ರಿ. ಉಡ್ಯಾಗ ಹಾಕಿದ್ದು ತಾನಾಗಿ ತಿರುಗಿ ಬರತೈತೇನು? ಆ ಬಿಳಿ ಬಾಯಿ ಬರಬೇಕು, ತನ್ನ ಕೈಲೆ ಕೂಸಿನ್ನ ಸೌಮ್ಯಾನ ಉಡ್ಯಾಗ ಹಾಕಬೇಕು. ಅಲ್ಲೀತನಾ ನಮ್ಮ ಹುಡುಗಿ ಕುರ್ಲಾಕ್ಕ ಬರೂದಿಲ್ಲ. ನೀವೂ ಕೂಸಿನ್ನ ಮುಟ್ಟಬ್ಯಾಡ್ರಿ."

ಇಂದ್ರಾಬಾಯಿ ಅಮೋಲನಿಗೆ ಫೋನು ಹಚ್ಚಿದಳು. ಅವನ ಹತ್ತಿರವೂ ಒಳ್ಳೆಯ ಸುದ್ದಿಯಿರಲಿಲ್ಲ. ಒಂದು ಪತ್ರಿಕೆಯಲ್ಲಿ ಅವನ ಸಿನಿಮಾವನ್ನು ಹೊಗಳಿದ್ದರಂತೆ, ಇನ್ನೊಂದರಲ್ಲಿ ಹಿಂಡಿ ಹಿಪ್ಪೆ ಮಾಡಿದ್ದರಂತೆ. ದತ್ತಕ ಹೋದವರ ಸಂಘವೊಂದು ವಿದೇಶದಿಂದ ಬೈದು ಬರೆದಿತ್ತು. ಅದೇ ಸಂಘದ ಇನ್ನೊಬ್ಬಳು, ನನ್ನ ಅಜ್ಜಿಯನ್ನೇ ಕಂಡ ಹಾಗಾಯಿತು ಎಂದೂ ಬರೆದಿದ್ದಳು. "ಮಾವಶಿ, ನನಗೇ ಸಮಝ್ ಮೇ ನಹೀ ಆತಾ, ನಾ ಏನ್ ಮಾಡೇನಿ ಅಂತ," ಅಂದ. ವೆರಾಳ ಮಾತು ಎತ್ತಿದಾಗ, ಅವಳು ಯಾವಾಗಲೋ ತನ್ನ ದೇಶಕ್ಕೆ ಹೋದಳು ಅಂದ. ಸ್ವಲ್ಪ ಯೋಚಿಸಿ, "ವಿಡಿಯೋ ಕಾಲ್ ಮೇಲೆ ಚಲೇಗಾ ಕ್ಯಾ?" ಎಂದು ಕೇಳಿದ.

"ವಿಡಿಯೋದಾಗ ಉಡಿ ಹೆಂಗ ತುಂಬೂದಪ್ಪಾ?" ಎಂದು ಇಂದ್ರಾಬಾಯಿ ಫೋನಿಟ್ಟಳು. ಒಳ್ಳೆಯ ಹುಡುಗ. ಅವನನ್ನು ಬೈಯಲೂ ಮನಸ್ಸಾಗಲಿಲ್ಲ.

ಆ ವಾರದ ಕೊನೆಗೆ ಯಲ್ಲಾಲಿಂಗ ಕೂಸಿಗೆ ಜ್ವರವೆಂದು ಹೇಳಿದ. ಹಲ್ಲು ಬರುತ್ತಿವೆ, ಅದಕ್ಕೇ ಇರಬೇಕು, ಡಾಕ್ಟರಿಗೆ ತೋರಿಸಿದ್ದಾರೆ ಅಂದ. ಆದರೆ ಸುಂದ್ರವ್ವ ಹಲ್ಲಿನ ಮಾತನ್ನು ನಂಬಿರಲಿಲ್ಲ, ಉಡಿಗೆ ಹಾಕಿಸಿಕೊಂಡವಳ ಕಡೆ ಕೂಸಿನ ಜೀವ ಎಳೆಯುತ್ತಿದೆ ಅನ್ನುತ್ತಿದ್ದಳಂತೆ. ಇಂದ್ರಾಬಾಯಿ ಖಾನಾವಳಿಗೆ ಹೋಗಲಿಲ್ಲ. ಸೀರೆ ಬದಲಿಸಿ ಹೊರಟಳು. ರಾಮಪ್ಪ ಪಾಳಿ ಮುಗಿಸಿ ಬಂದು ಆಗಷ್ಟೇ ಅಡ್ಡಾಗಿದ್ದ.

"ನಾನೂ ಬರ್ಲೇನು?"

"ಮಕ್ಕೋರಿ ನೀವು. ಅಲ್ಲೂ ಗೊರಕಿ ಹೊಡದ್ರ ಮರ್ಯಾದಿ ಹೋಗತೈತಿ."

ದಾದರಿನ ಸೇತುವೆಯ ಮೇಲೆ ಮಂದಿ ಅವಳನ್ನು ತಳ್ಳಿಕೊಂಡೇ ಆ ಕಡೆ ದಾಟಿಸಿದರು. ಜೋಗೇಶ್ವರಿಯಲ್ಲಿ ಇಳಿದು, ಸಣ್ಣ ಸಣ್ಣ ಕಾರ್ಖಾನೆಗಳ ಓಣಿಯಲ್ಲಿ ನಡೆದು ಸುಂದ್ರವ್ವನ ಖೋಲಿ ಮುಟ್ಟುವಷ್ಟರಲ್ಲಿ ಮೊಣಕಾಲು ಮಾತಾಡುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಯಂತ್ರ ದಡ್ ದಡ್ ಎಂದು ಬಡಿಯುತ್ತಿತ್ತು. ಬಾಗಿಲು ತೆರೆದೇ ಇತ್ತು. ಸೌಮ್ಯಾ ಗೋಡೆಗೆ ಒರಗಿ ಕೂತಿದ್ದಳು, ಕೂಸು ಅವಳ ಭುಜದ ಮೇಲೆ ನಿದ್ದೆ ಹೋಗಿತ್ತು. ಅತ್ತೆಯನ್ನು ಕಂಡು ಏಳಲಿಲ್ಲ. ಕೂಸಿನ ಬೆನ್ನ ಮೇಲಿದ್ದ ಕೈಯನ್ನು ಇನ್ನಷ್ಟು ಬಿಗಿ ಹಿಡಿದಳು. ಆ ಕೈಯನ್ನು ನೋಡಿ ಇಂದ್ರಾಬಾಯಿ ಹೊಸಿಲ ಹತ್ತಿರವೇ ಕೂತಳು.

ಸುಂದ್ರವ್ವ ನೀರು ಕೊಟ್ಟಳು. ಜಗಳದಲ್ಲೂ ಬೀಗತಿಗೆ ನೀರು ಕೊಡಲೇಬೇಕಲ್ಲ. ಆಮೇಲೆ ಶುರು ಮಾಡಿದಳು. ಬಿಳಿ ಬಾಯಿ ಎಲ್ಲಿ, ಯಾವಾಗ ಬರ್ತಾಳೆ, ನಿಮ್ಮ ವಯಸ್ಸಿಗೆ ಇಷ್ಟೂ ತಿಳೀಬಾರದೆ, ಸಿನಿಮಾದ ಹುಚ್ಚು ಹಿಡಿದರೆ ನಿಮ್ಮ ಗಂಡನ್ನ ಕೊಡಬೇಕಿತ್ತು ಯಾರಿಗಾದರೂ, ಕೂಸನ್ನ ಯಾಕೆ ಕೊಟ್ಟಿರಿ. ಇಂದ್ರಾಬಾಯಿ ತಲೆ ತಗ್ಗಿಸಿ ಎಲ್ಲ ಕೇಳಿದಳು. ತಪ್ಪು ತನ್ನದು. ಬೈಸಿಕೊಂಡರೆ ಕೂಸು ಮನೆಗೆ ಬರುವುದಾದರೆ ಸಂಜೆಯತನಕ ಬೈಸಿಕೊಳ್ಳಲು ತಯಾರಿದ್ದಳು.

"ಅಕಿ ಬರೂದಿಲ್ಲ," ಎಂದಳು ಕೊನೆಗೆ. "ತನ್ನ ದೇಶಕ್ಕ ಹ್ವಾಗ್ಯಾಳ."

"ಮತ್ತ ಕೂಸಿನ ಗತಿ?" ಎಂದು ಸುಂದ್ರವ್ವ ಎದೆ ಬಡಿದುಕೊಳ್ಳುವಷ್ಟರಲ್ಲಿ, ಸೌಮ್ಯಾ ಬಾಯಿ ಬಿಟ್ಟಳು.

"ಅತ್ತಿ, ನನಗ ಒಂದ ಹೇಳ್ರಿ. 'ಇದರವ್ವ ಸತ್ತಾಳ' ಅಂದ್ರಿ ನೀವು. ಖರೇ ಖರೇ ಕಣ್ಣೀರು ಬಂತು. ನಾ ಜೀವಂತ ಇದ್ದೆ, ಸಾಕಿನಾಕಾದಾಗ ಮಶೀನ್ ತುಳೀತಿದ್ದೆ. ನಿಮಗ ಹೆಂಗ ಅಳು ಬಂತು?"

ಅಮೋಲ್ ಕಣ್ಣಿಗೆ ಏನೋ ಹಚ್ಚಿದ್ದ ಅನ್ನಬಹುದಿತ್ತು. ಸಭಾಗೃಹದಲ್ಲಿ ಹೇಳಿದಂತೆ ಎಲ್ಲ ಆಕ್ಟಿಂಗ್ ಅನ್ನಬಹುದಿತ್ತು. ಆದರೆ ಆ ಒಂದು ಸುಳ್ಳನ್ನು ಹೊತ್ತುಕೊಂಡೇ ಇಷ್ಟು ದಿನ ನಡೆದಿದ್ದಳು. ಇನ್ನೊಂದನ್ನು ಹೊರಲು ಅವಳಿಂದ ಸಾಧ್ಯವಿರಲಿಲ್ಲ.

"ನಿನ್ನ ಸಲವಾಗೇ ಬಂತು," ಅಂದಳು. "ಮೊದಲಿನ ಕೂಸಿನ ದಿನಾ ನೆನಪಾತು. ನಿನಗ ಶುದ್ದಿ ಇದ್ದಿಲ್ಲ. ಡಾಕ್ಟರು ನನ್ನ ಕರದು ಹೇಳಿದ್ರು, ಕೂಸು ಗಾಜಿನ ಪೆಟ್ಟಿಗ್ಯಾಗ ಐತಿ, ತಾಯೀದು ಏನೂ ಹೇಳಾಕಾಗೂದಿಲ್ಲ ಅಂತ. ಅರಿವಿ ತರಾಕ ಮನಿಗೆ ಹೊಂಟೆ. ಲೋಕಲ್‌ನ್ಯಾಗ ಕುಂತಾಗ ನೀ ಹೋದಿ ಅಂತನ ತಿಳಕೊಂಡ ಬಿಟ್ಟೆ."

ಯಂತ್ರ ಬಡಿಯುತ್ತಲೇ ಇತ್ತು. ಸುಂದ್ರವ್ವ ಮಗಳ ಪಕ್ಕ ಕೂತಳು.

"ಯಲ್ಲ್ಯಾ ಕೆಲಸಾ ಬಿಟ್ರ ಮನಿ ನಡಿಯೂದಿಲ್ಲ. ಇವರದು ರಾತ್ರಿ ಪಾಳಿ. ನನಗ ಬೆಳಕು ಹರಿಯೂದರಾಗ ಒಲಿ ಮುಂದ ಕುಂದರಬೇಕು. ತಾಯಿ ಇಲ್ಲದ ಕೂಸಿನ್ನ ಯಾರು ನೋಡ್ಬೇಕು?" ಇಂದ್ರಾಬಾಯಿ ಸೌಮ್ಯಾಳ ಮುಖ ನೋಡಲಿಲ್ಲ, ನೆಲ ನೋಡುತ್ತ ಹೇಳಿದಳು. "ಯಾರರ ಛಲೋ ಮಂದಿಗೆ ಕೊಟ್ಟ ಬಿಡೂಣು ಅನ್ಕೊಂಡೆ. ಅನ್ಕೊಂಡ ಮ್ಯಾಲ ಜೀವಾ ಹಗೂರಾತು ನೋಡವಾ. ಸುಳ್ಳ ಯಾಕ ಹೇಳಲಿ? ಆ ಸಭಾದಾಗ ಅವರು ಕೇಳಿದ್ರಲ್ಲ, ಕೊಡ್ತಿದ್ದೇನು ಅಂತ. ಇಲ್ಲ ಅಂದೆ. ಕೊಡ್ತಿದ್ದೆ ನಾ. ಮನಸಿನ್ಯಾಗ ಕೊಟ್ಟೂ ಬಿಟ್ಟಿದ್ದೆ. ತಿರುಗಿ ದವಾಖಾನಿಗೆ ಬಂದ್ರ ನೀ ಕಣ್ಣ ಬಿಟ್ಟಿದ್ದಿ. ಕೂಸು ಹೋಗಿತ್ತು."

"ಶಿವ ಶಿವಾ," ಅಂದಳು ಸುಂದ್ರವ್ವ.

"ನಾ ಕೊಟ್ಟೆ, ಅದು ಹೋತು. ಉಡಿಗೆ ಹಾಕಿದ್ದು ತಿರುಗಿ ಬರೂದಿಲ್ಲ ಅಂತ ನೀವು ಅಂತೀರಿ ಬೀಗತೆವ್ವಾ, ನನಗ ಮನಸಿನ್ಯಾಗ ಕೊಟ್ಟದ್ದ ತಿರುಗಿ ಬರಲಿಲ್ಲ. ಅವತ್ತ ಅಳಾಕ ಹೊತ್ತು ಸಿಗಲಿಲ್ಲ. ಕೂಸಿನ ಮಣ್ಣು ಮಾಡೂದಿತ್ತು, ಇಕಿ ಔಷಧ ಇತ್ತು, ಮರುದಿನ ರೊಟ್ಟಿ ಇದ್ವು. ಕ್ಯಾಮೆರಾದ ಮುಂದ 'ಇದರವ್ವ ಸತ್ತಾಳ' ಅಂದೆ ನೋಡು, ಎಲ್ಲಾ ಒಮ್ಮೆಲೇ ಬಂತು. ಕೈ ತನ್ನಷ್ಟಕ ಉಡಿ ತುಂಬಿತು. ಆಕ್ಟಿಂಗ್ ನನಗೇನ ಬರತೈತಿ?"

ಹೇಳಿ ಮುಗಿಸಿ ಇಂದ್ರಾಬಾಯಿ ಏಳಲು ನೆಲಕ್ಕೆ ಕೈಯೂರಿದಳು. ಇನ್ನು ಈ ಮನೆಯಲ್ಲಿ ತನಗೆ ಕೂಸನ್ನು ತೋರಿಸುವವರು ಯಾರೂ ಇಲ್ಲವೆಂದು ಅವಳಿಗೆ ಖಾತ್ರಿಯಾಗಿತ್ತು. ಹಾಗಾದರೂ ಆಗಲಿ ಅನ್ನಿಸಿತು. ಊರಿದ ಕೈಗೆ ಅವಳನ್ನು ಎತ್ತುವಷ್ಟು ಬಲವಿರಲಿಲ್ಲ. ಹಾಗೇ ಕೂತಳು.

"ಅತ್ತಿ," ಸೌಮ್ಯಾಳ ದನಿ ಜಗಳದ ದನಿಯಾಗಿತ್ತು. "ಯಾರ ಹೇಳ್ಯಾರ ನಿಮಗ ಹಂಗಂತ? ಅದಕ್ಕ ಫುಪ್ಪುಸ ಬೆಳದಿದ್ದಿಲ್ಲ. ದಿನ ತುಂಬಿದ್ದಿಲ್ಲ ಅದಕ್ಕ. ಡಾಕ್ಟರು ನನ್ನ ಕೂಡಿಸಿ ಹೇಳ್ಯಾರ, ಕಾಗದದ ಮ್ಯಾಲ ಚಿತ್ರ ತಗದು ಹೇಳ್ಯಾರ. ನೀವು ಲೋಕಲ್‌ನ್ಯಾಗ ಕುಂತು ಏನರ ಅನ್ಕೋರಿ. ಅನ್ಕೊಂಡ್ರ ಕೂಸು ಹೋಗತಾವೇನು? ಕೊಟ್ಟೆ ಅಂದ್ರ ಹೋಗಿಬಿಡತಾವೇನು? ಇಷ್ಟು ವರ್ಷ ಇದನ್ನ ಹೊಟ್ಟ್ಯಾಗ ಇಟ್ಕೊಂಡ..."

ಅಲ್ಲಿಗೆ ನಿಂತಳು. ತಾನಾಡಿದ ಮಾತು ಅವಳ ಕಿವಿಗೇ ಬಿದ್ದಿತ್ತು. ಮೊದಲು ತಾಯಿಯ ಮುಖ ನೋಡಿದಳು, ಆಮೇಲೆ ಭುಜದ ಮೇಲಿನ ಕೂಸನ್ನು ನೋಡಿದಳು. ಒಂದು ವಾರದಿಂದ ನೆಲಕ್ಕೆ ಇಳಿಸದೆ, ಬಾಗಿಲಿಗೆ ಬಂದ ಗಂಡನ ಹೊರತು ಯಾರ ಕೈಗೂ ಕೊಡದೆ, ರಾತ್ರಿಯೂ ಎದೆಗವಚಿಕೊಂಡೇ ಮಲಗಿದ್ದಳು ಹುಡುಗಿ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಹಿಡ್ಕೋರಿ," ಎಂದಳು. "ನನ್ನ ತೋಳು ಸೋತಾವ."

"ಸೌಮ್ಯಾ! ಉಡಿ ತಿರುಗಿ ತುಂಬೂತನಾ..." ಎಂದು ಸುಂದ್ರವ್ವ ಅಡ್ಡ ಬಂದಳು.

"ಸುಮ್ಮನಿರವ್ವ. ಬಸ್ ಆತು."

ಸೌಮ್ಯಾ ಬಗ್ಗಿ ಕೂಸನ್ನು ಇಂದ್ರಾಬಾಯಿಯ ತೊಡೆಯ ಮೇಲೆ ಇಟ್ಟಳು. ಅರಿಸಿನವಿರಲಿಲ್ಲ, ಅಕ್ಕಿಯಿರಲಿಲ್ಲ. ಕೂಸು ಒಮ್ಮೆ ಮುಖ ಕಿವುಚಿ, ಅಜ್ಜಿಯ ಸೆರಗಿನಲ್ಲಿ ಮೂಗು ಹುದುಗಿಸಿ ಮತ್ತೆ ನಿದ್ದೆಹೋಯಿತು. ಜ್ವರ ಇಳಿದಿತ್ತು. ಇಂದ್ರಾಬಾಯಿ ಅದರ ಹಣೆ ಮುಟ್ಟಲು ಹೋಗಿ, ಮುಟ್ಟಲೋ ಬೇಡವೋ ಎಂದು ಸೊಸೆಯ ಕಡೆ ನೋಡಿದಳು.

"ನಾ ಈಗಿಂದೀಗ ಮನಿಗೆ ಬರೂದಿಲ್ಲ," ಅಂದಳು ಸೌಮ್ಯಾ. "ಸಿಟ್ಟು ಇನ್ನೂ ಐತಿ. ಅದು ಹೋಗೂತನಾ ಇಲ್ಲೇ ಇರ್ತೀನಿ."

"ಇರವಾ. ನಿನ್ನ ಮನಸಿಗೆ ಬಂದಾಗ ಬಾ."

ಸೌಮ್ಯಾ ಮುಖ ತೊಳೆಯಲು ಮೂಲೆಯ ಬಚ್ಚಲಿನ ಕಡೆ ಹೋದಳು. ಅಡ್ಡಕ್ಕೆ ಕಟ್ಟಿದ ಪರದೆ ಎಳೆದುಕೊಂಡಳು. ನಳ ಬಿಟ್ಟಳು. ಪರದೆಯ ಆಚೆಯಿಂದ, ನೀರಿನ ಸದ್ದಿನ ಮೇಲೆ ದನಿ ಎತ್ತರಿಸಿ ಕೇಳಿದಳು.

"ಅತ್ತಿ, ಅವತ್ತ ನಾ ಸತ್ತು, ಅದು ಉಳದಿದ್ರ, ಛಲೋ ಮಂದೀನ ನೋಡಿ ಕೊಡ್ತಿದ್ರಿ ಹೌದಲ್ಲ?"

"ನೋಡೇ ಕೊಡ್ತಿದ್ದೆ ನನ್ನವ್ವಾ."

"ಓದಸ್ತಾರಂತ ಕೇಳ್ಕೊಂಡು?"

"ಕೇಳ್ಕೊಂಡೇ."

ಆಮೇಲೆ ಪರದೆಯ ಹಿಂದೆ ನೀರು ಬೀಳುವುದಷ್ಟೇ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಅದರೊಳಗೆ ಅಳುವೂ ಕೇಳಿಸಿತು. ಸೌಮ್ಯಾ ಆ ಮೊದಲ ಕೂಸಿಗಾಗಿ ಅಳುತ್ತಿದ್ದಳು. ಮಣ್ಣು ಮಾಡಿದಾಗ ಅವಳಿಗೆ ಎದ್ದು ಕೂರಲೂ ಆಗಿರಲಿಲ್ಲ, ಅದರ ಮುಖವನ್ನೂ ನೋಡಿರಲಿಲ್ಲ. ಸುಂದ್ರವ್ವ ಏಳಲು ಹೊರಟವಳು ಇಂದ್ರಾಬಾಯಿ ಬೇಡವೆಂದು ತಲೆಯಾಡಿಸಿದಾಗ ಕೂತಳು. ಇಂದ್ರಾಬಾಯಿಯೂ ಎದ್ದು ಹೋಗಲಿಲ್ಲ. ತೊಡೆಯ ಮೇಲೆ ಮಲಗಿದ ಕೂಸು ಏಳಬಾರದಲ್ಲ.